ಕ್ರ್ಯಾಂಕ್ ಹೊಸ ಫ್ರೇಮಿಗೆ ಹೋಗುವಾಗ: ಶಿಮಾನೊ ಬಿಬಿ52
ಸೈಕಲ್ಲಿನ ಹಾಲೋಟೆಕ್ 2 ಕ್ರ್ಯಾಂಕನ್ನು (ಶಿಮಾನೊದ ಪೆಡಲ್ ತೋಳುಗಳ ಜೋಡಿ) ಬೇರೆ ಫ್ರೇಮಿಗೆ ಹಾಕುವವರು ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕಿನ ಅಚ್ಚು ತಿರುಗುವ ಬೇರಿಂಗ್ ಭಾಗ, ಮಾತ್ರ ಹೊಸದೇ ಕೊಳ್ಳಲಿ. ಅಂಥದೊಂದು ಬಾಟಮ್ ಬ್ರಾಕೆಟ್ ಬಿಬಿ52, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪ್ರೆಸ್‌ಫಿಟ್ (ಒತ್ತಿ ಕೂರಿಸುವ) ಶೆಲ್ಲಿಗೆ, ಅಂದರೆ ಫ್ರೇಮಿನಲ್ಲಿ ಬ್ರಾಕೆಟ್ ಕೂರುವ ಕೊಳವೆಗೆ, ಇದು ಕೂರುವುದಿಲ್ಲ, ಥ್ರೆಡ್ ಇರಲೇಬೇಕು. ಮೊದಲು ಶೆಲ್ಲಿನ ಅಗಲ ಅಳೆಯಿರಿ. 73 ಮಿ.ಮೀ. ಇದ್ದರೆ 2.5 ಮಿ.ಮೀ. ಸ್ಪೇಸರ್ (ತೆಳು ಬಳೆ) ಒಂದೇ, ಚೈನ್ ಇರುವ ಬಲಗಡೆಗೆ. 68 ಇದ್ದರೆ ಬಲಕ್ಕೆ ಎರಡು, ಎಡಕ್ಕೆ ಒಂದು. ಇದು ತಪ್ಪಿದರೆ ಚೈನ್‌ಲೈನ್ (ಚೈನ್ ಓಡುವ ನೇರ) ಸರಿಯುತ್ತದೆ, ಗೇರ್ ಕಿರಿಕಿರಿ ಶುರು. ಬ್ರಾಕೆಟ್ಟಿನ ಬಲಗಡೆಯ ಕಪ್ (ಬೇರಿಂಗ್ ಇರುವ ಬಟ್ಟಲು) ಬಿಗಿಯಾಗುವುದು ಎಡಕ್ಕೆ ತಿರುಗಿಸಿದಾಗ! ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಕೈಯಲ್ಲೇ ಹಾಕಿ. ಥ್ರೆಡ್ ವಾರೆಯಾಗಿ ಹತ್ತಿದರೆ ಫ್ರೇಮೇ ಹಾಳು. ಆಮೇಲೆ ಕಪ್‌ಗಳನ್ನು 35ರಿಂದ 50 ನ್ಯೂಟನ್ ಮೀಟರ್ ಬಲಕ್ಕೆ ಬಿಗಿ ಮಾಡಿ. ಎಡ ಕ್ರ್ಯಾಂಕಿನ ಪ್ಲಾಸ್ಟಿಕ್ ಕ್ಯಾಪನ್ನು ಮೆಲ್ಲಗೆ ಬಿಗಿ ಮಾಡಿ, ಅತಿಯಾದರೆ ಬೇರಿಂಗ್ ಬೇಗ ಸವೆಯುತ್ತದೆ. ಅದೇ ಕ್ರ್ಯಾಂಕಿನ ಎರಡು ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ 12–14 ನ್ಯೂಟನ್ ಮೀಟರ್‌ಗೆ ತನ್ನಿ.