ಚಿಚೆನ್ ಇಟ್ಸಾ ಹೋಗಬೇಕಾ, ಉಶ್ಮಾಲ್ ಹೋಗಬೇಕಾ?

ಮೆಕ್ಸಿಕೋದ ಯುಕಟಾನ್ ಕಡೆ ಹೋದವರು ಸಾಮಾನ್ಯವಾಗಿ ಕಡಲತೀರದ ಊರು ಕಾನ್ಕುನ್‌ನಲ್ಲಿ ಇಳಿದು, ಮಾರನೇ ದಿನ ಪ್ರಾಚೀನ ಮಾಯಾ ಜನರ ಪಾಳುನಗರ ಚಿಚೆನ್ ಇಟ್ಸಾ ನೋಡಲು ಬಸ್ ಹತ್ತುತ್ತಾರೆ. ನಾನೂ ಹತ್ತಿದೆ. ಆಮೇಲೆ ಯುಕಟಾನ್ ರಾಜ್ಯದ ರಾಜಧಾನಿ ಮೆರಿದಾದಲ್ಲಿ ಉಳಿದು ಸಣ್ಣ ವ್ಯಾನಿನಲ್ಲಿ ಇನ್ನೊಂದು ಮಾಯಾ ಪಾಳುನಗರ ಉಶ್ಮಾಲ್‌ಗೂ ಹೋಗಿಬಂದೆ. ಎರಡೂ ಕಡೆ ಗೈಡ್ ಇದ್ದರು. ಮೆರಿದಾದಲ್ಲಿ ಒಂದು ರಾತ್ರಿ ತಂಗಲು ಆಗುತ್ತದೆ ಅಂದರೆ, ನನ್ನ ಓಟು ಉಶ್ಮಾಲ್‌ಗೆ.

ಮೊದಲು ದಾರಿಯ ಮಾತು. ಕಾನ್ಕುನ್‌ನಿಂದ ಚಿಚೆನ್ ಇಟ್ಸಾಗೆ ಸುಮಾರು 200 ಕಿ.ಮೀ. ಅದು ದೊಡ್ಡ ತೊಂದರೆಯಲ್ಲ. ಹೋಟೆಲಿಂದ ಹೋಟೆಲಿಗೆ ಸುತ್ತಿ ಜನರನ್ನು ಹತ್ತಿಸಿಕೊಳ್ಳುತ್ತಾರೆ, ಸೆನೋಟೆ ಎಂಬ ಸುಣ್ಣಕಲ್ಲಿನ ನೀರುಗುಂಡಿಯಲ್ಲಿ ಈಜಿಸುತ್ತಾರೆ, ಬಫೆ ಊಟಕ್ಕೆ ನಿಲ್ಲಿಸುತ್ತಾರೆ. ಎಲ್ಲ ಮುಗಿದು ಪಿರಮಿಡ್ ಎದುರು ನಿಂತಾಗ ನೆತ್ತಿ ಮೇಲೆ ಬಿಸಿಲು, ಕೈಯಲ್ಲಿ ಎರಡು ಗಂಟೆಯೂ ಇಲ್ಲ. ಸಸ್ಯಾಹಾರಿಗಳು ಬಫೆಯಲ್ಲಿ ಬೀನ್ಸ್ ಕಂಡರೂ ಕೇಳಿ ಬಡಿಸಿಕೊಳ್ಳಿ. ಅಲ್ಲಿ ಅದಕ್ಕೆ ಹಂದಿ ಕೊಬ್ಬು ಹಾಕುವುದುಂಟು.

ಹಾಗಂತ ಚಿಚೆನ್ ಇಟ್ಸಾ ಸುಮ್ನೆ ಹೆಸರು ಮಾಡಿದ್ದಲ್ಲ. ಹಾವಿನ ರೂಪದ ದೇವರು ಕುಕುಲ್ಕಾನ್‌ನ ಪಿರಮಿಡ್ಡಿನ ನಾಲ್ಕು ಬದಿಗೂ ತಲಾ 91 ಮೆಟ್ಟಿಲು, ಮೇಲಿನ ಜಗಲಿ ಸೇರಿದರೆ 365. ಕಲ್ಲಿನಲ್ಲಿ ಕಟ್ಟಿದ ಕ್ಯಾಲೆಂಡರ್. ಗೈಡ್ ಮೆಟ್ಟಿಲ ಎದುರು ನಿಂತು ಚಪ್ಪಾಳೆ ತಟ್ಟಿದರು. ವಾಪಸ್ ಬಂದದ್ದು ಚಪ್ಪಾಳೆಯಲ್ಲ, ಹಕ್ಕಿಯ ಚಿಲಿಪಿಲಿ! ಚೆಂಡಾಟದ ಅಂಗಳ 168 ಮೀಟರ್ ಉದ್ದ. ಗೋಡೆಯಲ್ಲಿ ಸುಮಾರು 6 ಮೀಟರ್ ಎತ್ತರಕ್ಕೆ ಚೆಂಡು ತೂರಿಸುವ ಕಲ್ಲಿನ ಬಳೆ. ಇದನ್ನೆಲ್ಲ ಗೈಡ್ ಹೇಳದೆ ನಾವಾಗಿ ಗಮನಿಸುವುದು ಕಷ್ಟ. ಆದರೆ ದಾರಿಯುದ್ದಕ್ಕೂ ವ್ಯಾಪಾರಿಗಳು ಜಾಗ್ವಾರ್ ಗರ್ಜನೆಯ ಪೀಪಿ ಊದುತ್ತಿರುತ್ತಾರೆ. ಅರ್ಧ ಮಾತು ಅದರಲ್ಲೇ ಮುಳುಗಿಹೋಯಿತು.

ಉಶ್ಮಾಲ್ ಮೆರಿದಾದಿಂದ ಸುಮಾರು 80 ಕಿ.ಮೀ. ಒಂದೂಕಾಲು ಗಂಟೆಯ ದಾರಿ, ಬೆಳಗ್ಗೆಯೇ ಒಳಗಿದ್ದೆವು. ಜನ ಕಡಿಮೆ, ಪೀಪಿಯ ಸದ್ದಿಲ್ಲ. ಇಲ್ಲಿನ ಮಾಂತ್ರಿಕನ ಪಿರಮಿಡ್‌ಗೆ ಮೂಲೆಗಳೇ ಇಲ್ಲ, ಬುಡವೇ ದುಂಡಗಿದೆ. ಒಬ್ಬ ಕುಳ್ಳ ಒಂದೇ ರಾತ್ರಿಯಲ್ಲಿ ಕಟ್ಟಿದ ಅಂತ ಕಥೆ. ಇದನ್ನಾಗಲಿ ಕುಕುಲ್ಕಾನ್ ಪಿರಮಿಡ್ಡನ್ನಾಗಲಿ ಹತ್ತಲು ಬಿಡುವುದಿಲ್ಲ, ಆ ಆಸೆ ಬೇಡ.

ನಾನು ಜಾಸ್ತಿ ಹೊತ್ತು ನಿಂತದ್ದು ಗೋಡೆಗಳ ಮುಂದೆ. ಎಲ್ಲೆಲ್ಲೂ ಮಳೆದೇವರು ಚಾಕ್‌ನ ಮುಖ: ದುಂಡು ಕಣ್ಣು, ತೆರೆದ ಬಾಯಿ, ಸೊಂಡಿಲಿನ ಹಾಗೆ ಮುಂದಕ್ಕೆ ಬಾಗಿದ ಮೂಗು. ಹತ್ತಿರ ಹೋದರೆ ಅದು ಒಂದೇ ಕಲ್ಲಲ್ಲ ಅಂತ ತಿಳಿಯುತ್ತದೆ. ಹುಬ್ಬು, ಕಣ್ಣು, ಹಲ್ಲು ಬೇರೆ ಬೇರೆ ಕೆತ್ತಿ ಜೋಡಿಸಿದ್ದಾರೆ. ಮಳೆದೇವರೇ ಯಾಕೆ ಅಂದರೆ, ಈ ಭಾಗದಲ್ಲಿ ನದಿಯಿಲ್ಲ, ಅಂತರ್ಜಲವೂ ತೀರಾ ಆಳ. ಮಳೆನೀರನ್ನು ನೆಲದೊಳಗಿನ ಚುಲ್ತೂನ್ ಎಂಬ ತೊಟ್ಟಿಗಳಲ್ಲಿ ತುಂಬಿಟ್ಟುಕೊಂಡೇ ಇಷ್ಟು ದೊಡ್ಡ ಊರು ಬದುಕಿತು. ಗೈಡ್ ಅಂಥದ್ದೊಂದು ತೊಟ್ಟಿಯ ಬಾಯಿ ತೋರಿಸಿದ ಮೇಲೆ ಆ ಮುಖಗಳು ಬರೀ ಅಲಂಕಾರ ಅಂತ ಅನಿಸಲಿಲ್ಲ.

ಕಡಲಂಚಿನ ಮಾಯಾ ಪಾಳುನಗರ ತುಲುಮ್ ಬಗ್ಗೆಯೂ ಕೇಳುತ್ತೀರಿ, ಅಲ್ವಾ? ಮೂರು ಕಡೆ ಗೋಡೆ, ಒಂದು ಕಡೆ ಕೆರಿಬಿಯನ್ ಸಮುದ್ರ. ಫೋಟೋಗೆ ಅದನ್ನು ಮೀರಿಸಿದ್ದಿಲ್ಲ, ಕಟ್ಟಡಗಳು ಮಾತ್ರ ಸಣ್ಣವು. ಅಲ್ಲಿಗೆ ಗೈಡ್ ಬೇಡ, ನೀವೇ ಹೋಗಿಬನ್ನಿ.

ಕಾನ್ಕುನ್ ಬಿಟ್ಟು ಕದಲಲು ಆಗದಿದ್ದರೆ, ಈಜು ಊಟಕ್ಕಿಂತ ಮೊದಲೇ ಚಿಚೆನ್ ಇಟ್ಸಾ ತೋರಿಸುವ ಟೂರ್ ಹುಡುಕಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಸರಿ. ಚಿಚೆನ್ ಇಟ್ಸಾ, ಉಶ್ಮಾಲ್ ಎರಡಕ್ಕೂ ಪ್ರವೇಶ ಶುಲ್ಕ ಎರಡು ಭಾಗ: ಒಂದು ಕೇಂದ್ರ ಸರ್ಕಾರಕ್ಕೆ, ಇನ್ನೊಂದು ಯುಕಟಾನ್ ರಾಜ್ಯಕ್ಕೆ. ಟೂರ್ ಬೆಲೆಯಲ್ಲಿ ಎರಡೂ ಸೇರಿದೆಯಾ ಅಂತ ಬುಕ್ ಮಾಡುವ ಮೊದಲೇ ಕೇಳಿ. ಅಗ್ಗದ ಟೂರ್‌ಗಳಲ್ಲಿ ಎಷ್ಟೋ ಸಲ ಅದನ್ನು ಬಸ್ಸಲ್ಲಿ ಕೂತ ಮೇಲೆ ಬೇರೆಯಾಗಿ ವಸೂಲಿ ಮಾಡುತ್ತಾರೆ.