ಹೈಫು, ಥರ್ಮೇಜ್, ಎಂಎನ್‌ಆರ್‌ಎಫ್: ಯಾವ ವಯಸ್ಸಿನ ಮುಖಕ್ಕೆ ಯಾವುದು?

ಸಡಿಲಗೊಂಡ ಮುಖದ ಚರ್ಮವನ್ನು ಆಪರೇಷನ್ ಇಲ್ಲದೆ ಬಿಗಿ ಮಾಡುವ ಮೂರು ಯಂತ್ರಗಳ ಮಾತು ಇದು. ಮೊದಲು ಕೈಗನ್ನಡಿ ಹಿಡಿದು ಕುರ್ಚಿಯಲ್ಲಿ ನೆಟ್ಟಗೆ ಕೂತು ಮುಖ ನೋಡಿಕೊಳ್ಳಿ. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿ, ಕನ್ನಡಿಯನ್ನು ಮುಖದ ಮೇಲೆ ಎತ್ತಿ ಹಿಡಿದು ಮತ್ತೊಮ್ಮೆ ನೋಡಿ. ಮಲಗಿದಾಗ ದವಡೆಯ ಗೆರೆ ಒಮ್ಮೆಗೇ ಚೊಕ್ಕವಾಗಿ, ಹತ್ತು ವರ್ಷ ಕಮ್ಮಿಯಾದಂತೆ ಕಂಡರೆ ಜೋತುಬಿದ್ದದ್ದು ಹೆಚ್ಚಿದೆ. ಅಷ್ಟನ್ನು ಎತ್ತುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ. ಎರಡೂ ಭಂಗಿಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಂಡರೆ ತೊಂದರೆ ಇರುವುದು ಚರ್ಮದ ಮೇಲ್ಪದರದಲ್ಲಿ. ಈ ಎರಡರ ನಡುವೆ ಇರುವವರಿಗೇ ಆಪರೇಷನ್ ಇಲ್ಲದೆ ಜೋತದ್ದನ್ನು ಎತ್ತುವ ಚಿಕಿತ್ಸೆ ಹೇಳಿ ಮಾಡಿಸಿದ್ದು. ‘ನನಗೆ ನಲವತ್ತೆರಡು, ಮಾಡಿಸಬಹುದಾ?’ ಎಂಬ ಪ್ರಶ್ನೆಗೆ ಜನ್ಮದಿನಾಂಕಕ್ಕಿಂತ ಈ ಪರೀಕ್ಷೆಯೇ ಸರಿಯಾದ ಉತ್ತರ ಕೊಡುತ್ತದೆ.

ಮೂರೂ ಯಂತ್ರಗಳ ಕೆಲಸ ಮೂಲದಲ್ಲಿ ಒಂದೇ: ಚರ್ಮದೊಳಗೆ ಬಿಸಿ ಮುಟ್ಟಿಸುವುದು. ಬಿಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಮುದುರುತ್ತವೆ. ಆ ಸಣ್ಣ ಗಾಯ ಮಾಯುವಾಗ ದೇಹ ಹೊಸ ಕೊಲಾಜನ್ ನೇಯುತ್ತದೆ. ಯಂತ್ರ ಕಿಡಿ ಹಚ್ಚುತ್ತದೆ ಅಷ್ಟೆ, ನೇಯುವ ಕೆಲಸ ದೇಹದ್ದು. ವಯಸ್ಸು ಲೆಕ್ಕಕ್ಕೆ ಬರುವುದು ಇಲ್ಲಿ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ 30ರಷ್ಟು ಇಳಿಯುತ್ತದೆ. ಹಾಗಾಗಿ ಮುಟ್ಟು ನಿಲ್ಲುವ ಮೊದಲಿನ 47ಕ್ಕೂ ನಿಂತ ಮೇಲಿನ 54ಕ್ಕೂ ಒಂದೇ ಯಂತ್ರ, ಒಂದೇ ಸೆಟ್ಟಿಂಗ್‌ನಲ್ಲಿ ಒಂದೇ ಫಲ ಕೊಡುವುದಿಲ್ಲ. ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ತಮ್ಮ ವಯಸ್ಸಿಗೆ ಇನ್ನೊಂದಿಷ್ಟು ವರ್ಷ ಕೂಡಿಸಿಯೇ ಲೆಕ್ಕ ಹಾಕಬೇಕು.

ಹೈಫು

ಹೈಫು ಎಂದರೆ ಹೈ ಇಂಟೆನ್ಸಿಟಿ ಫೋಕಸ್ಡ್ ಅಲ್ಟ್ರಾಸೌಂಡ್. ಬಿಸಿಲಿಗೆ ಭೂತಗನ್ನಡಿ ಹಿಡಿದರೆ ಕಾಗದ ಒಂದೇ ಬಿಂದುವಿನಲ್ಲಿ ಸುಡುವಂತೆ ಇಲ್ಲಿ ಶಬ್ದತರಂಗಗಳು ಒಳಗೆ ಒಂದು ಬಿಂದುವಿನಲ್ಲಿ ಕೂಡುತ್ತವೆ. ಯಂತ್ರದ ಹಿಡಿಗೆ ಸಿಕ್ಕಿಸಿ ಮುಖಕ್ಕೆ ಬಳಸುವ ಕಾರ್ಟ್ರಿಜ್‌ಗಳು ಮೂರು: 1.5, 3.0 ಮತ್ತು 4.5 ಮಿಲಿಮೀಟರ್ ಆಳದವು. 4.5ರದ್ದು ಮುಟ್ಟುವುದು ಸ್ನಾಯುಗಳ ಮೇಲಿನ ಎಸ್‌ಎಂಎಎಸ್ ಪೊರೆಯನ್ನು. ಫೇಸ್‌ಲಿಫ್ಟ್ ಮಾಡುವಾಗ ಸರ್ಜನ್ ಎಳೆದು ಹೊಲಿಯುವುದೂ ಅದನ್ನೇ. ದವಡೆ, ಹುಬ್ಬು ತುಸು ಮೇಲೇಳಬೇಕು ಎನ್ನುವವರಿಗೆ ಮೂರರಲ್ಲಿ ಇದೇ ಮುಂದು. ಈ ಬಗೆಯ ಅಲ್ಥೆರಾಪಿ ಯಂತ್ರಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಹುಬ್ಬು ಎತ್ತುವುದಕ್ಕೆ, 2012ರಲ್ಲಿ ಕೊರಳು ಮತ್ತು ಗದ್ದದ ಕೆಳಭಾಗಕ್ಕೆ ಅನುಮತಿ ಕೊಟ್ಟಿತು. ಅದರ ಪರದೆಯ ಮೇಲೆ ಒಳಪದರಗಳು ಸ್ಕ್ಯಾನಿಂಗ್‌ನಂತೆ ಕಾಣುತ್ತವೆ. ಹೈಫು ಹೆಸರಿನ ಅಗ್ಗದ ಎಷ್ಟೋ ಯಂತ್ರಗಳಲ್ಲಿ ಈ ಸೌಲಭ್ಯವಿಲ್ಲ, ಆಳವನ್ನು ಅಂದಾಜಿನ ಮೇಲೆ ಬಿಡಬೇಕು. ಯಾವ ಯಂತ್ರ, ಪರದೆ ಇದೆಯೇ ಎಂದು ದುಡ್ಡು ಕಟ್ಟುವ ಮುಂಚೆಯೇ ಕೇಳಿ.

ಒಪ್ಪುವುದು ಹೆಚ್ಚಾಗಿ 38ರಿಂದ 55ರವರಿಗೆ, ಅದರಲ್ಲೂ ಕೆನ್ನೆ ತುಂಬಿಕೊಂಡಿರುವವರಿಗೆ. ಕೆನ್ನೆ ಒಳಗೆ ಹೋದ ಸಣಕಲು ಮುಖಕ್ಕೆ 4.5ರ ಕಾರ್ಟ್ರಿಜ್ ಹಾಕಿದರೆ ಇರುವ ಅಷ್ಟಿಷ್ಟು ಕೊಬ್ಬೂ ಕರಗಿ, ಬಿಗಿಯಾಗುವ ಬದಲು ಮುಖ ಇನ್ನಷ್ಟು ಸೊರಗಿದಂತೆ ಕಾಣುತ್ತದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ದಾಟಿದವರಲ್ಲಿ ಎತ್ತುವಿಕೆ ಕಾಣುವುದೇ ಕಷ್ಟ. ಜೆಲ್ ಸಾಲದೆ ಗಾಳಿ ಉಳಿದರೆ ಅಥವಾ ಕಾರ್ಟ್ರಿಜ್ ಪೂರ್ತಿ ಒತ್ತಿ ಕೂರದಿದ್ದರೆ ಬಿಸಿ ಮೇಲೆಯೇ ನಿಂತು ಬೆತ್ತದೇಟು ಬಿದ್ದಂತೆ ಸಾಲುಗೆರೆ ಏಳುತ್ತದೆ. ದವಡೆಯ ಅಂಚಿನಲ್ಲಿ ಹಾಯುವ ನರಕ್ಕೆ ಬಿಸಿ ತಗುಲಿದರೆ ಕೆಲವು ವಾರ ನಗು ಸೊಟ್ಟಗಾಗುತ್ತದೆ. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಥೈರಾಯ್ಡ್ ಗ್ರಂಥಿಯ ಮೇಲೂ ಕಣ್ಣುಗುಳಿಯ ಎಲುಬಿನ ಒಳಗೂ ಒಂದೇ ಒಂದು ಶಾಟ್ ಬೀಳಕೂಡದು.

ಥರ್ಮೇಜ್

ಇದು ಮೊನೊಪೋಲಾರ್ ರೇಡಿಯೊ ಫ್ರೀಕ್ವೆನ್ಸಿ, ಅಂದರೆ ರೇಡಿಯೊ ಆವರ್ತನದ ಕರೆಂಟನ್ನು ಚರ್ಮದಲ್ಲಿ ಹರಿಸಿ ಬಿಸಿ ಮಾಡುವ ವಿಧಾನ. 2002ರಲ್ಲಿ ಕಣ್ಣಿನ ಸುತ್ತಲಿನ ಸುಕ್ಕಿಗೆ ಎಫ್‌ಡಿಎ ಅನುಮತಿ ಪಡೆದದ್ದು. ಹೈಫುವಿನಂತೆ ಬಿಂದುಬಿಂದುವಾಗಿ ಸುಡದೆ ಇಡೀ ಚರ್ಮವನ್ನು ಒಟ್ಟಾಗಿ ಕಾಯಿಸುತ್ತದೆ, ಮೇಲ್ಪದರವನ್ನು ತಂಪಿನ ಸ್ಪ್ರೇ ಕಾಪಾಡುತ್ತದೆ. ಮುಖಕ್ಕೆ 4 ಚದರ ಸೆಂಟಿಮೀಟರಿನ ಟಿಪ್ (ಚರ್ಮಕ್ಕೆ ತಾಗಿಸುವ ತುದಿ), ರೆಪ್ಪೆಗೆ 0.25ರದ್ದು. ಟಿಪ್ ಒಬ್ಬರಿಗೆ ಒಂದೇ ಸಲ. ಪ್ಯಾಕೆಟ್ ನಿಮ್ಮ ಎದುರೇ ಒಡೆಯಲಿ.

ದವಡೆ ಎತ್ತುವುದರಲ್ಲಿ ಇದು ಹೈಫುವಿಗಿಂತ ಹಿಂದೆ. ಆದರೆ ರೆಪ್ಪೆಯ ಚರ್ಮ, ಬಾಣಂತನದ ನಂತರದ ಸಡಿಲ ಹೊಟ್ಟೆ, ಕ್ರೇಪ್ ಬಟ್ಟೆಯಂತೆ ನಿರಿಗೆಗಟ್ಟಿದ ತೆಳು ಚರ್ಮ ಇವುಗಳಿಗೆ ಹೈಫುವಿಗಿಂತ ಇದೇ ಮೇಲು. 35ರಿಂದ 50ರವರಿಗೆ ಚೆನ್ನಾಗಿ ಒಪ್ಪುತ್ತದೆ. ಸಣಕಲು ಮುಖದವರಿಗೂ ಶಕ್ತಿ ಮಿತಿಯಲ್ಲಿದ್ದರೆ ಹೈಫುವಿಗಿಂತ ನಿರಾತಂಕ.

ಬಿಸಿ ಎಷ್ಟು ಎಂಬುದನ್ನು ಹೇಳಬೇಕಾದವರು ಮಲಗಿರುವವರೇ. ಸೊನ್ನೆಯಿಂದ ನಾಲ್ಕರವರೆಗಿನ ಅಳತೆಯಲ್ಲಿ ಎರಡು, ಎರಡೂವರೆ ಬಂದರೆ ಸಾಕು: ಬಿಸಿ ಅನಿಸಬೇಕು, ತಡೆದುಕೊಳ್ಳುವಂತಿರಬೇಕು. ನೋವೇ ಆಗದಿರಲಿ ಎಂದು ಪೂರ್ತಿ ಮರಗಟ್ಟಿಸಿದರೆ ಅಥವಾ ನಿದ್ದೆ ಬರಿಸಿದರೆ ಎಚ್ಚರಿಸುವವರೇ ಇರುವುದಿಲ್ಲ. ಮೊದಲ ವರ್ಷಗಳಲ್ಲಿ ಹೆಚ್ಚು ಶಕ್ತಿಯಲ್ಲಿ ಒಂದೆರಡು ಸುತ್ತು ಹಾಯಿಸುತ್ತಿದ್ದಾಗ ಕೊಬ್ಬು ಕರಗಿ ಕೆನ್ನೆಯಲ್ಲಿ ತಗ್ಗು ಬಿದ್ದದ್ದುಂಟು. ಆಮೇಲೆ ಕಮ್ಮಿ ಶಕ್ತಿ, ಹೆಚ್ಚು ಸುತ್ತು ಎಂಬುದು ರೂಢಿಯಾಯಿತು.

ಕರೆಂಟು ವಾಪಸು ಹೋಗಲೆಂದು ಬೆನ್ನಿಗೆ ಅಂಟಿಸುವ ಪ್ಯಾಡ್ ಅರ್ಧಂಬರ್ಧ ಕೂತರೆ ಸುಡುವುದು ಅಲ್ಲೇ. ಎಣ್ಣೆ ಪಸೆ ಇಲ್ಲದಂತೆ ಒರೆಸಿ ಅಂಟಿಸಬೇಕು. ಸರ, ಓಲೆ, ತಾಳಿ ಎಲ್ಲವೂ ಪಕ್ಕಕ್ಕೆ. ವರ್ಷಗಟ್ಟಲೆ ಬಿಚ್ಚದ ಮೂಗುತಿಯ ತಿರುಪು ಬಿಗಿದುಕೊಂಡಿರುತ್ತದೆ, ಹಾಗಾಗಿ ಹಿಂದಿನ ದಿನವೇ ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿಕೊಂಡು ಬರುವುದು ಒಳ್ಳೆಯದು. ಪೇಸ್‌ಮೇಕರ್ ಇದ್ದವರಿಗೆ ಇದೂ ಬೇಡ, ಮುಂದೆ ಹೇಳುವ ಎಂಎನ್‌ಆರ್‌ಎಫ್ ಕೂಡ ಬೇಡ.

ಎಂಎನ್‌ಆರ್‌ಎಫ್

ಮೈಕ್ರೋನೀಡ್ಲಿಂಗ್ ರೇಡಿಯೊ ಫ್ರೀಕ್ವೆನ್ಸಿ, ಅಂದರೆ ಚರ್ಮಕ್ಕೆ ಚುಚ್ಚುವ ಸಣ್ಣ ಸೂಜಿಗಳ ತುದಿಯಿಂದ ರೇಡಿಯೊ ಫ್ರೀಕ್ವೆನ್ಸಿ ಹರಿಸುವ ವಿಧಾನ. ಎತ್ತುವುದರಲ್ಲಿ ಮೂರರಲ್ಲಿ ಕೊನೆ. ಮೊಡವೆ ಗುಳಿ, ದೊಡ್ಡ ರಂಧ್ರ, ಸಣ್ಣ ಸುಕ್ಕಿಗೆ ಮೊದಲು. 25–30ರವರು ‘ಸ್ಕಿನ್ ಟೈಟನಿಂಗ್’ ಎಂದು ಕೇಳಿಕೊಂಡು ಬಂದಾಗ ಅವರಿಗೆ ನಿಜಕ್ಕೂ ಬೇಕಿರುವುದು ಹಲವು ಸಲ ಇದು, ಇಲ್ಲವೇ ದಿನಾ ಹಚ್ಚುವ ಸನ್‌ಸ್ಕ್ರೀನ್ ಮತ್ತು ರಾತ್ರಿ ಹಚ್ಚುವ ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಕ್ರೀಮ್, ಅಷ್ಟೇ.

ಮರಗಟ್ಟಿಸುವ ಕ್ರೀಮ್ 45ರಿಂದ 60 ನಿಮಿಷ ಇರಬೇಕು, ಆಮೇಲೆ ಒಂದು ಕಣವೂ ಉಳಿಯದಂತೆ ಒರೆಸಬೇಕು. ಕೆನ್ನೆಗೆ 1.5ರಿಂದ 2.5 ಮಿಲಿಮೀಟರ್ ಆಳ. ಎಲುಬಿಗೆ ಹತ್ತಿರವಿರುವ ಹಣೆಗೆ ಅದಕ್ಕಿಂತ ಕಮ್ಮಿ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಮೂರು ನಾಲ್ಕು ಸಲ. ಸೂಜಿಗಳಿರುವ ಹಿಡಿಕೆ ಒಂದಿಷ್ಟು ಓರೆಯಾದರೂ ಒಂದು ಸಾಲಿನ ಸೂಜಿಗಳು ಅರ್ಧ ಹೊರಗೇ ಉಳಿದು ಮೇಲ್ಚರ್ಮ ಸುಡುತ್ತವೆ. ನಮ್ಮ ಗೋಧಿ, ಎಣ್ಣೆಗಪ್ಪು ಬಣ್ಣದಲ್ಲಿ ಆ ಜಾಗ ತಿಂಗಳುಗಟ್ಟಲೆ ಕಪ್ಪುಚುಕ್ಕಿಗಳ ಚೌಕವಾಗಿ ನಿಲ್ಲುತ್ತದೆ. ತುದಿ ಬಿಟ್ಟು ಉಳಿದ ಭಾಗಕ್ಕೆ ಲೇಪ ಇರುವ ಇನ್ಸುಲೇಟೆಡ್ ಸೂಜಿ ಇದ್ದರೆ ಈ ಭಯ ಕಮ್ಮಿ. ಬಂಗು ಇದ್ದವರು ಮೊದಲು ಅದನ್ನು ಹತೋಟಿಗೆ ತಂದುಕೊಳ್ಳಲಿ. ಚಿಕಿತ್ಸೆಯಾದ ಮೇಲೆ ಮೂರು ನಾಲ್ಕು ದಿನ ಅರಿಶಿನ, ಕುಂಕುಮ, ಮೇಕಪ್ಪು ಬೇಡ. ಸೂಜಿಯ ತೂತು ಮುಚ್ಚುವ ಮೊದಲೇ ಹಚ್ಚಿದ ಬಣ್ಣ ಒಳಗಿಳಿಯುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಟ್ಟಗಾಯ, ಕಲೆ, ಕೊಬ್ಬು ಕರಗುವಿಕೆ, ನರಕ್ಕೆ ಪೆಟ್ಟು ಇವೆಲ್ಲ ವರದಿಯಾದ ಮೇಲೆ ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಪಾರ್ಲರ್‌ನಲ್ಲಿ ಮಾಡಿಸುವ ಕೆಲಸವಲ್ಲ ಇದು, ಚರ್ಮವೈದ್ಯರ ಕೈಯಲ್ಲೇ ಆಗಬೇಕು.

ಹಾಗಾದರೆ ಯಾರಿಗೆ ಯಾವುದು?

ಮೂವತ್ತರೊಳಗೆ ಬಿಗಿಗೊಳಿಸಲು ಏನೂ ಇರುವುದಿಲ್ಲ. ‘ಮುಂಜಾಗ್ರತೆ’ಯ ಹೆಸರಲ್ಲಿ ಹೈಫು ಮಾರುವುದನ್ನು ನಾವು ಒಪ್ಪುವುದಿಲ್ಲ. 35ರಿಂದ 45ಕ್ಕೆ ಚರ್ಮ ತೆಳುವಾಗಿದ್ದರೆ ಥರ್ಮೇಜ್, ದವಡೆ ಇಳಿಯತೊಡಗಿದ್ದರೆ ಹೈಫು. 45ರಿಂದ 55ಕ್ಕೆ ಹೈಫು, ಮೇಲ್ಪದರಕ್ಕೆ ಬೇಕಾದರೆ ಒಂದೆರಡು ತಿಂಗಳ ಅಂತರದಲ್ಲಿ ಎಂಎನ್‌ಆರ್‌ಎಫ್. ಅರವತ್ತರ ನಂತರವೂ ಕೆನ್ನೆ ಚಿವುಟಿ ಬಿಟ್ಟ ಚರ್ಮ ತಟ್ಟನೆ ಹಿಂದಕ್ಕೆ ಹೋದರೆ ಪ್ರಯತ್ನಿಸಬಹುದು. ಗುಡಾರದಂತೆ ನಿಂತೇ ಇದ್ದರೆ, ಸುಮ್ಮನಿದ್ದಾಗಲೂ ಕೊರಳಲ್ಲಿ ಹಗ್ಗದಂಥ ಎರಡು ಪಟ್ಟಿ ಎದ್ದು ಕಂಡರೆ, ಆ ಹಣವನ್ನು ಪ್ಲಾಸ್ಟಿಕ್ ಸರ್ಜನ್ ಬಳಿ ಮಾತಾಡಲು ಉಳಿಸಿಕೊಳ್ಳಿ.

ಗರ್ಭಿಣಿಯರು, ಮುಖದಲ್ಲಿ ಕೀವುಮೊಡವೆ ಅಥವಾ ಸರ್ಪಸುತ್ತು ಇರುವವರು ಕಾಯಬೇಕು. ಗಾಯವಾದಲ್ಲೆಲ್ಲ ಗಂಟುಕಲೆ ಏಳುವವರು ಸೂಜಿಯ ತಂಟೆಗೆ ಹೋಗಬಾರದು. ರಕ್ತ ತೆಳುವಾಗಿಸುವ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮುಖ ತುಂಬಿಕೊಳ್ಳಲೆಂದು ಹಿಂದೆ ಹಾಕಿಸಿದ ಫಿಲ್ಲರ್ ಯಾವುದನ್ನೂ ಮುಚ್ಚಿಡಬೇಡಿ. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ತೂಕ ಒಂದು ಕಡೆ ನಿಂತು ಮೂರು ತಿಂಗಳಾದರೂ ಆಗಲಿ. ಇಳಿಯುತ್ತಿರುವ ಮುಖವನ್ನು ಬಿಗಿ ಮಾಡಿದರೆ ಅದು ಮತ್ತೆ ಸಡಿಲವಾಗುತ್ತದೆ.

ಮದುವೆಗೆಂದು ಮಾಡಿಸುವವರು ಮುಹೂರ್ತದಿಂದ ನಾಲ್ಕು ತಿಂಗಳು ಹಿಂದಕ್ಕೆ ಎಣಿಸಲಿ, ಹದಿನೈದು ದಿನ ಮೊದಲು ಬಂದರೆ ಸಿಗುವುದು ಊತ ಮಾತ್ರ. ಮೊದಲ ದಿನವೇ ಅದೇ ಕುರ್ಚಿ, ಅದೇ ದೀಪ, ಗದ್ದ ಅದೇ ಎತ್ತರದಲ್ಲಿಟ್ಟು ಎದುರಿನಿಂದಲೂ ಎರಡು ಪಕ್ಕದಿಂದಲೂ ಫೋಟೊ ತೆಗೆಸಿಕೊಳ್ಳಿ. ಮೂರು ತಿಂಗಳಾದ ಮೇಲೆ ಹಾಗೆಯೇ ಇನ್ನೊಮ್ಮೆ ತೆಗೆಸಿ ಪಕ್ಕಪಕ್ಕ ಇಟ್ಟು ನೋಡುವವರೆಗೆ ಎರಡನೇ ಸಲದ ಹೈಫುವಿಗೋ ಥರ್ಮೇಜ್‌ಗೋ ದುಡ್ಡು ಕಟ್ಟಬೇಡಿ.