ಆಪರೇಶನ್ ನಂತರದ ಹೊಟ್ಟೆ ಬೆಲ್ಟ್: ಗೆಳತಿಗೆ ಕೊಳ್ಳುವ ಮುನ್ನ

ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಸಿಕೊಂಡ ಗೆಳತಿ ಒಬ್ಬಳೇ ಮಗು ಸಾಕುವವಳಾದರೆ, ಮೆಡಿಕಲ್ ಶಾಪಿನ ಈ ಅಗಲವಾದ ಎಲಾಸ್ಟಿಕ್ ಬೆಲ್ಟು ಹಣ್ಣಿನ ಬುಟ್ಟಿಗಿಂತ ಉಪಯೋಗಕ್ಕೆ ಬರುತ್ತದೆ. ಡಾಕ್ಟರನ್ನು ಕೇಳಿಯೇ ತನ್ನಿ.

ಚೂಡಿದಾರದ ಸೈಜು ನೋಡಿ ಕೊಂಡರೆ ಕೆಟ್ಟಿರಿ. ಆಪರೇಶನ್ ಆದ ಮೇಲೆ ಹೊಟ್ಟೆ ಊದಿರುತ್ತದೆ. ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿ ಆಗಲೇ ಅಳೆಯಿರಿ. ಕುಳ್ಳಗಿರುವವರಿಗೆ 8 ಇಂಚು ಅಗಲ ಸಾಕು. 10 ಇಂಚಿನದು ಕೂತಾಗ ಪಕ್ಕೆಲುಬಿಗೆ ಒತ್ತಿ ಮೇಲಂಚು ಮಡಚಿಕೊಳ್ಳುತ್ತದೆ, ಕೆಳಗಿನ ಅಂಚು ಹೊಲಿಗೆಯನ್ನು ಉಜ್ಜುತ್ತದೆ.

ಕಟ್ಟುವುದು ಅಂಗಾತ ಮಲಗಿ, ತೆಳು ಹತ್ತಿ ಬನಿಯನ್ ಮೇಲೆ. ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಉಸಿರು ಪೂರ್ತಿ ಎಳೆಯಲಾಗದಿದ್ದರೆ ಬಿಗಿಯಾಯಿತು ಎಂದರ್ಥ. ನಡೆಯುವಾಗ ಸಾಕು, ರಾತ್ರಿ ಬಿಚ್ಚಿಡಿ.

ಇದರ ದೊಡ್ಡ ದೋಷ ಬಟ್ಟೆಯಲ್ಲಿಲ್ಲ, ಅದು ಕೊಡುವ ಧೈರ್ಯದಲ್ಲಿದೆ. ನೋವು ತಗ್ಗಿದ ತಕ್ಷಣ ತಾಯಿ ಮಗುವನ್ನು ಎತ್ತಿಬಿಡುತ್ತಾಳೆ. ಬೆಲ್ಟು ಹೊಲಿಗೆಯನ್ನು ಕಾಯುವುದಿಲ್ಲ. ಸಾಮಾನ್ಯವಾಗಿ 6 ವಾರ ಭಾರ ಎತ್ತುವಂತಿಲ್ಲ, 12 ಕಿಲೋ ಮಗುವೂ ಭಾರವೇ. ಮಂಚದ ಪಕ್ಕ ಗಟ್ಟಿ ಸ್ಟೂಲು ಇಟ್ಟು, ಮಗು ತಾನೇ ಹತ್ತಿ ಅಮ್ಮನ ಮಗ್ಗುಲಲ್ಲಿ ಕೂರುವಂತೆ ಮೊದಲೇ ರೂಢಿ ಮಾಡಿಸಿ. ಆ ಸ್ಟೂಲಿನ ಕೆಲಸ ಬೆಲ್ಟಿಗಿಂತ ದೊಡ್ಡದು.

ಎರಡು ಕೊಳ್ಳಿ, ಒಂದು ಒಣಗುತ್ತಿರಲಿ. ಒಗೆಯುವ ಮುಂಚೆ ವೆಲ್ಕ್ರೋ ಮುಚ್ಚಿ, ಇಲ್ಲವಾದರೆ ದಾರ, ಕೂದಲು ಸಿಕ್ಕಿ ಹಿಡಿತ ಹೋಗುತ್ತದೆ. ತಣ್ಣೀರು, ನೆರಳು; ಬಿಸಿನೀರಿಗೆ ಎಲಾಸ್ಟಿಕ್ ಜೋಲುತ್ತದೆ.